ಮಾಸ್ಟರ್ ಹೆಲ್ತ್ ಚೆಕಪ್: 4,200 ರೂಪಾಯಿಗೆ ಎಲ್ಲ ಅಳೆದರು, 500 ರೂಪಾಯಿಗೆ ಒಂದು ಮಾತು ಕೇಳಿದರು

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾಸ್ಟರ್ ಹೆಲ್ತ್ ಚೆಕಪ್ ಮಾಡಿಸಿದೆ. ಪ್ಯಾಕೇಜಿಗೆ 4,200 ರೂಪಾಯಿ. ಅದರ ಮೇಲೆ ಕೌನ್ಸೆಲಿಂಗ್ ಅಂತ 500. ಮೊದಲೇ ಹೇಳಿಬಿಡುತ್ತೇನೆ, ಆ 4,200ಕ್ಕಿಂತ ಈ 500 ನನಗೆ ಜಾಸ್ತಿ ಕೆಲಸಕ್ಕೆ ಬಂತು. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹೊಗಳುವುದೂ ಇದೆ, ತೆಗಳುವುದೂ ಇದೆ. ಸುಮ್ನೆ ಯಾಕೆ ಜಗಳ. ಬೇರೆ ಊರಿನ ಚೆಕಪ್‌ಗಳೂ ಹೆಚ್ಚು ಕಡಿಮೆ ಹೀಗೇ ಇರುತ್ತವೆ, ಹಾಗಾಗಿ ಹೆಸರಿಲ್ಲದಿದ್ದರೂ ಓದುವವರಿಗೆ ನಷ್ಟವಿಲ್ಲ.

ನಾನು ವಿಮೆ ಏಜೆಂಟ್. ಜನರ ಕಾಯಿಲೆ ಕಸಾಲೆ ಬರೆದುಕೊಳ್ಳುವುದೇ ನನ್ನ ಕೆಲಸ. ಪ್ರಪೋಸಲ್ ಫಾರಂನಲ್ಲಿ ಮನೆಯವರ ಕಾಲಂ ಒಂದು ಇರುತ್ತದೆ. ತಂದೆ ಇದ್ದಾರಾ? ಇಲ್ಲದಿದ್ದರೆ ಎಷ್ಟನೇ ವಯಸ್ಸಿಗೆ ಹೋದರು? ಏನಾಗಿತ್ತು? ನಿದ್ದೆಗಣ್ಣಿನಲ್ಲೂ ತುಂಬಬಲ್ಲೆ. ನನ್ನದನ್ನು ತುಂಬುವಾಗ ಬರೆಯುವುದು ಇಷ್ಟೇ: ತಂದೆ, 54, ಲಿವರ್. ಆ ಕಾಲಂ ಅಲ್ಲಿಗೆ ಮುಗಿಯುತ್ತದೆ. ಬದುಕಿದ್ದಾಗ ಅವರು ಮನೆಯಲ್ಲಿ ಹೇಗಿದ್ದರು ಅಂತ ಯಾವ ಕಂಪನಿಯೂ ಕೇಳುವುದಿಲ್ಲ.

ಪ್ರತಿ ಮಾರ್ಚ್ ಬಂದರೆ ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಆರೋಗ್ಯ ವಿಮೆಗೆ ಸಿಗುವ ತೆರಿಗೆ ವಿನಾಯಿತಿಯ ಒಳಗೆ ಚೆಕಪ್‌ಗೆ 5,000 ರೂಪಾಯಿವರೆಗೆ ತೋರಿಸಬಹುದು, ನಗದು ಕೊಟ್ಟಿದ್ದರೂ ನಡೆಯುತ್ತದೆ, ಬಿಲ್ ಇಟ್ಟುಕೊಳ್ಳಿ. ಈ ಸಲ ನನ್ನ ಹೆಂಡತಿ ತಿರುಗಿ ನನಗೇ ಹೇಳಿದಳು. "ಊರಿಗೆಲ್ಲ ಹೇಳ್ತೀರಿ, ನಿಮ್ದು ಯಾವಾಗ್ರೀ?" ವಯಸ್ಸು 47. ಬಿಪಿ ಇದೆ ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿದ್ದರು. ಹೊಟ್ಟೆಯಲ್ಲಿ ಉರಿ. ಸಿಗರೇಟು ಬಿಟ್ಟು ಬಿಟ್ಟು ಮತ್ತೆ ಹಿಡಿದವನು. ಹೋದೆ.

ಚೆಕಪ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಏಳೂವರೆಗೆ ಬನ್ನಿ ಅಂದಿದ್ದರು. ರಕ್ತ ತೆಗೆಯುವ ಹುಡುಗಿ ಬಂದದ್ದು ಎಂಟೂಕಾಲಿಗೆ. ಶುಗರ್ ಇರುವ ವಯಸ್ಸಾದವರು ಅಷ್ಟು ಹೊತ್ತು ಹಸಿದುಕೊಂಡು ಕೂತಿದ್ದರು, ಅದು ಸರಿಯಲ್ಲ. ಹುಡುಗಿಯ ಕೈ ಮಾತ್ರ ಬಲು ಹಗುರ, ಸೂಜಿ ಹೋಗಿದ್ದೇ ಗೊತ್ತಾಗಲಿಲ್ಲ. ಹೊಟ್ಟೆ ಸ್ಕ್ಯಾನಿಂಗ್‌ಗೆ ಬಾಟಲಿಗಟ್ಟಲೆ ನೀರು ಕುಡಿಸಿ, "ಸ್ವಲ್ಪ ತಡ್ಕೊಳಿ ಸರ್" ಅಂತ ಸಾಲಿನಲ್ಲಿ ಕೂರಿಸಿದರು. ಆ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ! ಆಮೇಲೆ ಟಿಫನ್ ಕೂಪನ್. ಬೆಣ್ಣೆ ದೋಸೆಯ ಊರಲ್ಲಿ ಆರಿದ ಉಪ್ಪಿಟ್ಟು. ಕೊಲೆಸ್ಟರಾಲ್ ನೋಡುವವರು ಬೆಣ್ಣೆ ದೋಸೆ ಕೊಡಲಿ ಅಂತ ಕೇಳುವುದೂ ನ್ಯಾಯವಲ್ಲ ಬಿಡಿ. ಎಕ್ಸ್‌ರೇ, ಇಸಿಜಿ, ಟ್ರೆಡ್‌ಮಿಲ್, ಕಣ್ಣು ಎಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಯಂತ್ರಗಳು ಹೊಸವು. ಟ್ರೆಡ್‌ಮಿಲ್ ಟೆಕ್ನಿಷಿಯನ್ ತುಂಬಾ ತಾಳ್ಮೆಯವರು.

ನನಗೆ ಸಿಟ್ಟು ಬಂದದ್ದು ಕೌಂಟರಿನಲ್ಲಿ. ಫಾರಂ ಇಂಗ್ಲಿಷಿನಲ್ಲಿದೆ. ಓದಲು ಬಾರದವರಿಗೆ ಕೌಂಟರಿನ ಹುಡುಗನೇ ಜೋರಾಗಿ ಕೇಳಿ ಟಿಕ್ ಹಾಕುತ್ತಾನೆ. "ಕುಡೀತೀರಾ? ದಿನಾನಾ? ಎಷ್ಟು?" ನನ್ನ ಮುಂದೆ ಇದ್ದ ಹಿರಿಯರೊಬ್ಬರ ಪಕ್ಕದಲ್ಲಿ ಸೊಸೆ ನಿಂತಿದ್ದಳು. "ಏನೂ ಇಲ್ಲಪ್ಪ, ಎಲ್ಲ ಇಲ್ಲ ಅಂತ ಹಾಕು" ಅಂದರು. ಹುಡುಗ ಹಾಕಿದ. ನನ್ನ ಕಸುಬಿನಲ್ಲಿ ಇದು ಮೊದಲ ಪಾಠ: ನಾಲ್ಕು ಜನರ ಎದುರಿಗೆ ಕೇಳಿದರೆ ಸುಳ್ಳೇ ಸಿಗುವುದು. ಆ ಸುಳ್ಳಿನ ಮೇಲೆ ಮುಂದಿನ ಎಲ್ಲ ಡಾಕ್ಟರೂ ಲೆಕ್ಕ ಹಾಕುತ್ತಾರೆ.

ಸಂಜೆ ಫೈಲ್ ಕೊಟ್ಟರು. ಇಪ್ಪತ್ತು ಪುಟಕ್ಕೂ ಜಾಸ್ತಿ, ಬಣ್ಣಬಣ್ಣದ ಬಾಣಗಳು. ಬಿಪಿ 150/96. ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಮೇಲೆ. ಶುಗರ್ ಗಡಿಯಲ್ಲಿ. ಎಚ್‌ಎಸ್-ಸಿಆರ್‌ಪಿ ಅನ್ನುವ ಒಂದಕ್ಕೆ ಕೆಂಪು ಬಾಣ, 3.8. ಅದು ಏನು ಅಂತ ಫೈಲ್ ಕೊಟ್ಟವನನ್ನು ಕೇಳಿದೆ. "ಅದು ಪ್ಯಾಕೇಜಲ್ಲಿ ಬರತ್ತೆ ಸರ್" ಅಂದ. ಒಳ್ಳೆ ಉತ್ತರ!

ಫಿಸಿಷಿಯನ್ ಹತ್ತಿರ ಹೋದ ಮೇಲೆ ಈ ರಿವ್ಯೂನ ಧಾಟಿ ಬದಲಾಗುತ್ತದೆ. ಐವತ್ತು ದಾಟಿದ ಡಾಕ್ಟ್ರಮ್ಮ. ಫೈಲ್ ತಿರುವಿದರು. ಬಿಪಿ ಅವರೇ ಇನ್ನೊಮ್ಮೆ ನೋಡಿದರು, ಕೂರಿಸಿ, ಎರಡು ಸಲ.

"ನಿದ್ದೆ ಹೆಂಗೆ?"

"ಎರಡು ಗಂಟೆಗೆ ಎಚ್ಚರ ಆಗತ್ತೆ ಮೇಡಂ. ಸಣ್ಣ ಸದ್ದಿಗೂ."

"ಎಷ್ಟು ವರ್ಷದಿಂದ?"

"ಮೊದಲಿಂದ್ಲೂ."

"ಮೊದಲು ಅಂದ್ರೆ? ಮದುವೆಗೆ ಮುಂಚೆ? ಕಾಲೇಜಲ್ಲಿ?"

"ಅದಕ್ಕಿಂತ ಮುಂಚೆ."

ಅವರು ಪೆನ್ನು ಕೆಳಗಿಟ್ಟರು. "ಚಿಕ್ಕೋರಿದ್ದಾಗ ಮನೇಲಿ ಹೆಂಗಿತ್ತು?" ಅಂದರು.

ವರ್ಷಗಟ್ಟಲೆ ಮೆಡಿಕಲ್ ಫಾರಂ ತುಂಬಿಸಿದವನಿಗೆ ಈ ಪ್ರಶ್ನೆ ಯಾರೂ ಹಾಕಿರಲಿಲ್ಲ. "ಅಪ್ಪ ಕುಡೀತಿದ್ರು" ಅಂದೆ. "ಹೊಡೀತಿದ್ರಾ?" ಅಂದರು. "ಅವ್ವಂಗೆ ಜಾಸ್ತಿ" ಅಂದೆ. ಅವರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಅಂದರು, ಸಿಗರೇಟಿಗೆ ಬೈದರು. ಬೈದ ಮೇಲೆ, "ಕಾರಿಡಾರಿನ ಕೊನೆ ರೂಮಲ್ಲಿ ಸೈಕಾಲಜಿಸ್ಟ್ ಇದ್ದಾರೆ. ಬೇರೆ ಫೀಸು. ಬೇಡ ಅಂದ್ರೆ ಬೇಡ. ನಾನಾಗಿದ್ರೆ ಹೋಗ್ತಿದ್ದೆ" ಅಂದರು. ಪ್ಯಾಕೇಜಿನ ಕರಪತ್ರದಲ್ಲಿ ಆ ರೂಮಿನ ಸುದ್ದಿಯೇ ಇಲ್ಲ.

ಕೊನೆ ರೂಮು ಡಯಟ್ ರೂಮಿಗೆ ಅಂಟಿಕೊಂಡಿದೆ. ಒಂದು ಮೇಜು, ಎರಡು ಕುರ್ಚಿ, ಟಿಶ್ಯೂ ಡಬ್ಬಿ. ಅಲ್ಲಿದ್ದ ಮೇಡಂಗೆ ಮೂವತ್ತೈದರ ಆಸುಪಾಸು. ಗೋಡೆಯ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸರ್ಟಿಫಿಕೇಟ್ ತೂಗುಹಾಕಿದ್ದರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕುವವರಿಗೆ ಅದು ಇರಬೇಕು. ನೀವು ಎಲ್ಲೇ ಹೋದರೂ ಕೇಳಿ ನೋಡಿ, ನಾಚಿಕೆ ಬೇಡ. ನಾವು ಏಜೆಂಟರು ಲೈಸೆನ್ಸ್ ತೋರಿಸುವುದಿಲ್ಲವಾ?

ಅವರು ಕನ್ನಡದ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ. ಎಲ್ಲವೂ 18 ತುಂಬುವ ಮೊದಲಿನದು. ಮನೆಯಲ್ಲಿ ದೊಡ್ಡವರು ಪದೇ ಪದೇ ಬೈದು ಅವಮಾನ ಮಾಡುತ್ತಿದ್ದರಾ, ಬಾಸುಂಡೆ ಬರುವ ಹಾಗೆ ಹೊಡೆಯುತ್ತಿದ್ದರಾ, ಮೈ ಮುಟ್ಟಬಾರದ ಹಾಗೆ ಯಾರಾದರೂ ಮುಟ್ಟಿದ್ದರಾ. ನನ್ನನ್ನು ಯಾರೂ ಪ್ರೀತಿಸುವುದಿಲ್ಲ ಅನಿಸುತ್ತಿತ್ತಾ, ಊಟ ಬಟ್ಟೆಗೆ ಗತಿ ಇರಲಿಲ್ಲವಾ. ತಾಯಿಗೆ ಹೊಡೆಯುತ್ತಿದ್ದರಾ, ಅಪ್ಪ ಅಮ್ಮ ಬೇರೆ ಆಗಿದ್ದರಾ, ಮನೆಯಲ್ಲಿ ಕುಡುಕರು ಇದ್ದರಾ, ಮನಸ್ಸಿನ ಕಾಯಿಲೆಯವರು ಇದ್ದರಾ, ಯಾರಾದರೂ ಜೈಲಿಗೆ ಹೋಗಿದ್ದರಾ. ಹೌದು ಅಂದರೆ ಒಂದು ಅಂಕ. "ಜೋರಾಗಿ ಓದ್ಬೇಡಿ, ನೀವೇ ಟಿಕ್ ಹಾಕಿ. ಬೇಡ ಅನ್ಸಿದ್ದು ಬಿಡಿ. ಹಾಳೆ ನಿಮ್ಮ ಹತ್ರನೇ ಇರ್ಲಿ" ಅಂದರು. ಕೌಂಟರಿನ ಹುಡುಗನನ್ನು ಒಂದು ದಿನ ಇವರ ಹತ್ತಿರ ಟ್ರೇನಿಂಗಿಗೆ ಕಳಿಸಬೇಕು.

ನನ್ನದು ಐದು ಬಂತು.

ಈ ಹಾಳೆ ಹುಟ್ಟಿದ ಕಥೆ ಅವರು ಸ್ವಲ್ಪ ಹೇಳಿದರು, ಉಳಿದದ್ದು ಮನೆಗೆ ಬಂದು ನಾನೇ ಓದಿದೆ. ಓದಿದರೆ ಅದು ಹುಟ್ಟಿದ್ದೂ ಇಂಥದ್ದೇ ಒಂದು ಚೆಕಪ್‌ನಲ್ಲಿ! ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೈಸರ್ ಪರ್ಮನೆಂಟೆ ಅಂತ ಒಂದು ಸಂಸ್ಥೆ. ವಿಮೆಯನ್ನೂ ಮಾಡಿಸುತ್ತದೆ, ತನ್ನದೇ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನೂ ಕೊಡುತ್ತದೆ. 1980ರ ದಶಕದಲ್ಲಿ ಅಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ಡಾಕ್ಟರು ತುಂಬಾ ದಪ್ಪ ಇರುವವರಿಗೆ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ, ಅವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದವರು ಅಂತ ಗೊತ್ತಾಯಿತು. ಕೆಲವರಿಗೆ ಆ ದಪ್ಪ ಮೈಯೇ ರಕ್ಷಣೆ. ಯಾರೂ ತಮ್ಮ ಕಡೆ ನೋಡದಿರಲಿ ಅಂತ. ಡಾಕ್ಟರು ರೋಗ ಅಂದುಕೊಂಡದ್ದು ರೋಗಿಯ ಪಾಲಿಗೆ ಮದ್ದಾಗಿತ್ತು.

ಆಮೇಲೆ ಅಮೆರಿಕ ಸರ್ಕಾರದ ಸಿಡಿಸಿ ಸಂಸ್ಥೆಯ ರಾಬರ್ಟ್ ಆಂಡಾ ಜೊತೆ ಸೇರಿ ದೊಡ್ಡ ಲೆಕ್ಕಕ್ಕೆ ಕೈ ಹಾಕಿದರು. ಕೈಸರ್‌ನ ಹೆಲ್ತ್ ಚೆಕಪ್‌ಗೆ ಬಂದುಹೋದವರ ಮನೆಗೆ ಫಾರಂ ಅಂಚೆಯಲ್ಲಿ ಕಳಿಸಿದರು. ಮನೆಗೆ, ಕೌಂಟರಿನಲ್ಲಿ ಕೂಗಿ ಅಲ್ಲ. ಮೊದಲ ಸುತ್ತಿನಲ್ಲಿ ನೂರಕ್ಕೆ 70 ಜನ ಉತ್ತರಿಸಿದರು. 1998ರಲ್ಲಿ ಬಂದ ಮೊದಲ ವರದಿಯಲ್ಲಿ 9,508 ಜನರ ಲೆಕ್ಕ ಇತ್ತು, ಎರಡೂ ಸುತ್ತು ಸೇರಿ 17,000 ದಾಟಿತು. ಇವರು ಕೊಳೆಗೇರಿಯವರಲ್ಲ. ಹೆಚ್ಚಿನವರು ಬಿಳಿಯರು, ಕಾಲೇಜಿಗೆ ಹೋದವರು, ವಿಮೆ ಇದ್ದವರು. ಅಂಥವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಒಂದಾದರೂ ಟಿಕ್ ಹಾಕಿದ್ದರು.

ಏಜೆಂಟನ ಕಣ್ಣು ಹೋಗುವುದು ಮುಂದಿನ ಲೆಕ್ಕಕ್ಕೆ. ಸೊನ್ನೆ ಅಂಕದವರ ಪಕ್ಕದಲ್ಲಿ ನಾಲ್ಕು ಅಥವಾ ಹೆಚ್ಚು ಅಂಕದವರನ್ನು ಇಟ್ಟು ನೋಡಿದರು. ಕುಡಿತದ ಚಟ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಇವುಗಳ ಅಪಾಯ 4ರಿಂದ 12 ಪಟ್ಟು. ಸಿಗರೇಟು 2ರಿಂದ 4 ಪಟ್ಟು. ಅಂಕ ಏರಿದ ಹಾಗೆ ಹೃದಯದ ಕಾಯಿಲೆ, ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ, ಲಿವರ್ ಕಾಯಿಲೆ ಕೂಡ ಮೆಟ್ಟಿಲು ಮೆಟ್ಟಿಲಾಗಿ ಏರಿದವು. ಪ್ರೀಮಿಯಂ ಲೆಕ್ಕ ಹಾಕುವವರು ಸಿಗರೇಟು ಸೇದುತ್ತೀರಾ ಅಂತ ಮಾತ್ರ ಕೇಳುತ್ತಾರೆ. ಯಾವಾಗಿಂದ, ಯಾಕೆ ಅಂತ ಕೇಳಿದರೆ ಫಾರಂ ಇನ್ನೊಂದು ಹಾಳೆ ಉದ್ದ ಆಗುತ್ತಿತ್ತೇನೋ. ಸದ್ಯ ಕೇಳುವುದು ಬೇಡ. ಕೇಳಿದರೆ ಪ್ರೀಮಿಯಂ ಏರಿಸುವುದಕ್ಕೇ ಕೇಳುತ್ತಾರೆ, ನನಗೆ ಗೊತ್ತು.

ಅಪ್ಪ ಕಾಟನ್ ಮಿಲ್‌ನಲ್ಲಿದ್ದರು. ದಾವಣಗೆರೆಯ ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲ. ಕೆಲಸ ಹೋದ ಮೇಲೆ ಹಮಾಲಿ, ಆಮೇಲೆ ಅದೂ ಇಲ್ಲ. ಆಗ ಸಾರಾಯಿ ಪ್ಯಾಕೆಟ್ ಎಲ್ಲಾ ಕಡೆ ಸಿಗುತ್ತಿತ್ತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ, ಅಷ್ಟರಲ್ಲಿ ಅಪ್ಪ ಹೋಗಿಯಾಗಿತ್ತು. ರಾತ್ರಿ ನಾವು ಮೂವರು ಮಕ್ಕಳು ಮಲಗಿರುತ್ತಿದ್ದೆವು, ನಿದ್ದೆ ಮಾಡುತ್ತಿರಲಿಲ್ಲ. ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಬರಬೇಕು. ಒಂದೇ ಸಲಕ್ಕೆ ಟಕ್ ಅಂದರೆ ಪರವಾಗಿಲ್ಲ. ಕರಕರ ಅಂತ ಎರಡು ಮೂರು ಸಲ ಜಾರಿದರೆ ಜಾಸ್ತಿ ಆಗಿದೆ. ಸೈಕಲ್ಲೇ ಬಿದ್ದ ಸದ್ದು ಬಂದರೆ ಅವ್ವ ಏನೂ ಹೇಳಬೇಕಾಗಿರಲಿಲ್ಲ. ಅಕ್ಕ ತಮ್ಮನನ್ನು ಎತ್ತಿಕೊಳ್ಳುತ್ತಿದ್ದಳು, ನಾನು ಹಿತ್ತಲ ಬಾಗಿಲ ಚಿಲಕ ಸದ್ದಾಗದ ಹಾಗೆ ತೆಗೆಯುತ್ತಿದ್ದೆ. ಹಿಂದೆ ಒಂದು ಮಂಡಕ್ಕಿ ಭಟ್ಟಿ. ರಾತ್ರಿಯಲ್ಲೂ ಬಿಸಿ ಇರುತ್ತಿತ್ತು. ಭಟ್ಟಿಯವರು ಏನೂ ಕೇಳದೆ ಮಂಡಕ್ಕಿ ಚೀಲದ ಮೇಲೆ ಜಾಗ ಮಾಡಿಕೊಡುತ್ತಿದ್ದರು. ಚೀಲ ಅಲುಗಿದರೆ ಸರಸರ ಅನ್ನುತ್ತದೆ, ಹಾಗಾಗಿ ಮೈ ಅಲುಗಿಸದೆ ಮಲಗುವುದನ್ನೂ ಕಲಿತೆವು. ಅವ್ವ ಕೆಲವು ಸಲ ನಮ್ಮ ಜೊತೆ ಬರುತ್ತಿದ್ದಳು, ಕೆಲವು ಸಲ ಬರುತ್ತಿರಲಿಲ್ಲ. ಬಾರದ ದಿನಗಳದ್ದೇ ಕಷ್ಟ.

ಇದನ್ನು ಆ ರೂಮಿನಲ್ಲಿ ಹೇಳಿದೆ. ಈಗಲೂ ಮಗಳ ಸ್ಕೂಟಿ ಸ್ಟ್ಯಾಂಡ್ ಹಾಕುವ ಸದ್ದಿಗೆ ನನ್ನ ಎದೆ ಒಂದು ಸಲ ಹಾರುತ್ತದೆ. ಅವಳು ಟ್ಯೂಷನ್ ಮುಗಿಸಿ ಬರುವುದು, ಬೇರೇನೂ ಅಲ್ಲ.

ಮೇಡಂ ವಿವರಿಸಿದ್ದು ಇಷ್ಟು. ಅಪಾಯ ಕಂಡಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ, ಎದೆ ಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ. ಅಪಾಯ ಕಳೆದ ಮೇಲೆ ಇಳಿಯಬೇಕು. ಬೆಳೆಯುವ ವಯಸ್ಸಿನಲ್ಲಿ ದಿನಾ ರಾತ್ರಿ ಇದೇ ಆದರೆ ಮೈ ಇಳಿಯುವುದನ್ನೇ ಮರೆಯುತ್ತದೆ, ಟ್ಯಾಂಕ್ ತುಂಬಿದರೂ ಆಫ್ ಆಗದ ಮೋಟರಿನ ಹಾಗೆ. ನಿದ್ದೆ, ಬಿಪಿ, ಶುಗರ್, ರೋಗನಿರೋಧಕ ಶಕ್ತಿ ಎಲ್ಲದಕ್ಕೂ ಅದರ ಬಿಸಿ ತಟ್ಟುತ್ತದೆ. ಅದರ ಜೊತೆಗೆ ತಲೆ ತಣ್ಣಗಾಗಲಿ ಅಂತ ಹಿಡಿಯುವ ಬೀಡಿ, ಸಿಗರೇಟು, ಕುಡಿತ, ಕಂಡಾಪಟ್ಟೆ ತಿನ್ನುವುದು. ಎರಡೂ ಕಡೆಯಿಂದ ಪೆಟ್ಟು.

ಆಗ ನನಗೆ ಆ ಕೆಂಪು ಬಾಣ ನೆನಪಾಯಿತು. ಎಚ್‌ಎಸ್-ಸಿಆರ್‌ಪಿ ಅಂದರೆ ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ಅವತ್ತಿನಿಂದ ಗಮನಿಸುತ್ತಲೇ ಬಂದಿದ್ದಾರೆ. ಚಿಕ್ಕಂದಿನಲ್ಲಿ ಹಿಂಸೆ ಕಂಡವರಿಗೆ 32ನೇ ವಯಸ್ಸಿನಲ್ಲಿ ಈ ಸಿಆರ್‌ಪಿ ಉಳಿದವರಿಗಿಂತ ಹೆಚ್ಚಿತ್ತು ಅಂತ 2007ರಲ್ಲಿ ಬರೆದರು. ನಾನು ಹುರುಪಿನಿಂದ ಫೈಲ್ ಹಿಡಿದು ಡಾಕ್ಟ್ರಮ್ಮನ ಹತ್ತಿರ ಹೋದೆ. ಅವರು ನಕ್ಕರು. "ಹಲ್ಲು ಹುಳುಕಿದ್ರೂ ಏರತ್ತೆ. ಹೊಟ್ಟೆ ಬಂದಿದ್ರೂ ಏರತ್ತೆ. ಸಿಗರೇಟಿಗೂ ಏರತ್ತೆ. ನಿಮಗೆ ಮೂರೂ ಇದೆ. ಮೊದ್ಲು ಹಲ್ಲು ತೋರ್ಸಿ" ಅಂದರು. ಈ ಸೇವೆಯ ಬಗ್ಗೆ ನನಗೆ ಹಿಡಿಸಿದ್ದೇ ಇದು. ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟಲಿಲ್ಲ.

ಕೌನ್ಸೆಲಿಂಗ್ ಮೇಡಂ ಕೂಡ ಐದು ಅಂಕ ಅಂತ ಹಣೆಗೆ ಬರೆದು ಕಳಿಸಲಿಲ್ಲ. ಆ ಅಂಕ ಸಾವಿರಾರು ಜನರನ್ನು ಒಟ್ಟಿಗೆ ನೋಡುವುದಕ್ಕೆ ಮಾಡಿದ್ದು, ಒಬ್ಬ ಮನುಷ್ಯನ ಭವಿಷ್ಯ ಹೇಳುವುದಕ್ಕಲ್ಲ. ಒಂದು ಸಲ ಆದದ್ದಕ್ಕೂ ಹತ್ತು ವರ್ಷ ನಡೆದದ್ದಕ್ಕೂ ಅದರಲ್ಲಿ ಒಂದೇ ಅಂಕ. ಮೊದಲ ಅಧ್ಯಯನ ಮಾಡಿದ ಆಂಡಾ ಅವರೇ 2020ರಲ್ಲಿ ಇದನ್ನು ಒಬ್ಬೊಬ್ಬರ ಮೇಲೆ ಹಾಗೆ ಬಳಸಬೇಡಿ ಅಂತ ಬರೆದಿದ್ದಾರೆ. ಬೀದಿಯ ಹಿಂಸೆ, ಶಾಲೆಯಲ್ಲಿ ಕಾಡಿಸುವುದು ಅದರಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬೇರೆ ದೇಶಗಳಿಗೆ ಅಂತ ಮಾಡಿರುವ ಪ್ರಶ್ನಾವಳಿಯಲ್ಲಿ ಅವೂ ಇವೆ. ಈಗ ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಅಂಕ ಹೇಳುವ ಪರೀಕ್ಷೆಗಳು ಬೇಕಾದಷ್ಟಿವೆ. ನನ್ನ ಮಾತು ಕೇಳುವುದಾದರೆ, ಪಕ್ಕದಲ್ಲಿ ತಿಳಿದವರು ಇಲ್ಲದೆ ಅದನ್ನು ಮಾಡಬೇಡಿ.

ನನ್ನ ತಮ್ಮನನ್ನೇ ನೋಡಿ. ಅದೇ ಮನೆ, ಅದೇ ಅಪ್ಪ. ಅವನಿಗೆ ಬಿಪಿ ಇಲ್ಲ, ಸಿಗರೇಟು ಇಲ್ಲ, ತಲೆ ದಿಂಬಿಗೆ ತಾಗಿದರೆ ಗೊರಕೆ. ಆರನೇ ವಯಸ್ಸಿಗೆ ಅವನನ್ನು ಹರಿಹರಕ್ಕೆ ಅಜ್ಜಿ ಮನೆಗೆ ಕಳಿಸಿದ್ದರು. ಅಜ್ಜಿ ಇದ್ದಳು, ಸೋದರಮಾವ ಇದ್ದ, ದಿನಾ ಸಂಜೆ ಅವನನ್ನು ಹೊಳೆಗೆ ಕರೆದುಕೊಂಡು ಹೋಗುವ ಪಿಟಿ ಮೇಷ್ಟ್ರು ಇದ್ದರು. ಇದಕ್ಕೂ ಲೆಕ್ಕ ಇದೆಯಂತೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ದೊಡ್ಡವರನ್ನು ಕೇಳಿ 2019ರಲ್ಲಿ ಒಂದು ವರದಿ ಮಾಡಿದ್ದಾರೆ. ಮನೆಯವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತಿತ್ತಾ, ಗೆಳೆಯರು ಜೊತೆಗಿದ್ದರಾ, ಅಪ್ಪ ಅಮ್ಮ ಬಿಟ್ಟು ಇನ್ನಿಬ್ಬರು ದೊಡ್ಡವರಾದರೂ ನಿಮ್ಮ ಬಗ್ಗೆ ಕಾಳಜಿ ತೋರಿಸಿದ್ದರಾ ಅಂತ ಏಳು ಪ್ರಶ್ನೆ. ಆರೇಳಕ್ಕೆ ಹೌದು ಅಂದವರಲ್ಲಿ ಖಿನ್ನತೆ ಅಥವಾ ಮಾನಸಿಕ ಆರೋಗ್ಯ ಕೆಟ್ಟಿರುವ ಸಂಭವ, ಎರಡು ಅಥವಾ ಕಡಿಮೆ ಇದ್ದವರಿಗಿಂತ 72 ಶೇಕಡ ಕಡಿಮೆ. ಕಷ್ಟ ಕಂಡವರಲ್ಲೂ ಈ ಲಾಭ ಕಾಣಿಸಿತು. ತಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಅದ್ಕೆ ಅಮೆರಿಕದೋರು ಬೇಕಾಗಿತ್ತೇನಣ್ಣ?" ಅಂದ.

ಓದುವವರಲ್ಲಿ ಕೆಲವರು ಈಗಾಗಲೇ ಅಂದುಕೊಳ್ಳುತ್ತಿರುತ್ತೀರಿ, ನಮ್ಮ ಕಾಲದಲ್ಲಿ ಎಲ್ಲರೂ ಹೊಡೆತ ತಿಂದೇ ಬೆಳೆದದ್ದು, ಚೆನ್ನಾಗೇ ಇದ್ದೀವಲ್ಲ ಅಂತ. ಎಲ್ಲರೂ ತಿಂದದ್ದು ನಿಜ ಇರಬಹುದು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಕೇಳಿತ್ತು. ಮೂವರಲ್ಲಿ ಇಬ್ಬರು ಹೊಡೆತ ಬಡಿತ ಕಂಡವರು. ಆದರೆ ಚೆನ್ನಾಗೇ ಇದ್ದೀವಿ ಅನ್ನುವವರ ಬಿಪಿ, ಶುಗರ್, ಸಂಜೆಯ ಬಾಟಲಿ ನನಗೆ ಗೊತ್ತು. ಫಾರಂ ತುಂಬುವವನು ನಾನೇ ಅಲ್ವಾ.

ಆ ರೂಮಿಗೆ ಮತ್ತೆ ಹೋಗುತ್ತಿದ್ದೇನೆ. ಅಲ್ಲಿ ಅಳು ತರಿಸುವುದಿಲ್ಲ, ಅಪ್ಪನನ್ನು ಕ್ಷಮಿಸಿ ಅನ್ನುವುದಿಲ್ಲ. ನಿಮ್ಮ ಅಪ್ಪನ ಚಿಕ್ಕಂದಿನ ಬಗ್ಗೆ ಏನು ಗೊತ್ತು ಅಂತ ಒಂದು ಸಲ ಕೇಳಿದರು. ಗೊತ್ತಿದ್ದದ್ದು ಹೇಳಿದೆ. ಅದರಿಂದ ನನ್ನ ಸಿಟ್ಟು ಇಳಿದಿಲ್ಲ, ಇಳಿಯಲಿ ಅಂತ ಅವರೂ ಕೇಳಲಿಲ್ಲ. ರಾತ್ರಿ ಎಚ್ಚರ ಆದರೆ ಕಾಲನ್ನು ನೆಲಕ್ಕೆ ಊರಿ ಕೂರಬೇಕು, ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ನಿಧಾನ ಇರಬೇಕು, ಬಾಗಿಲು ಒಂದೇ ಸಲ ನೋಡಿ ಬರಬೇಕು. ಸಿಗರೇಟು ಹಚ್ಚುವ ಮುಂಚೆ ಆಗ ಏನಾಗಿತ್ತು ಅಂತ ಒಂದು ಸಾಲು ಬರೆದಿಡಬೇಕು. ನನ್ನ ಡೈರಿಯಲ್ಲಿ "ಗಿರಾಕಿ ಫೋನ್ ಎತ್ತಲಿಲ್ಲ" ಅನ್ನುವುದಕ್ಕಿಂತ "ಪಕ್ಕದ ಮನೆಯಲ್ಲಿ ಜೋರು ದನಿ" ಅನ್ನುವುದೇ ಜಾಸ್ತಿ ಸಲ ಇದೆ. ಬಿಪಿ ಮಾತ್ರೆ ಬಿಡುವ ಹಾಗಿಲ್ಲ ಅಂತ ಇಬ್ಬರೂ ಕಡ್ಡಾಯವಾಗಿ ಹೇಳಿದ್ದಾರೆ. ನಿದ್ದೆ ಈಗ ಮೊದಲಿಗಿಂತ ಸ್ವಲ್ಪ ಉದ್ದ ಆಗಿದೆ. ಪೂರ್ತಿ ಅಲ್ಲ. ಸಿಗರೇಟು ಇನ್ನೂ ಇದೆ.

ದುಡ್ಡಿನ ವಿಷಯ ಹೇಳದಿದ್ದರೆ ನಾನು ಏಜೆಂಟೇ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಇರುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ವಿಮೆ ಪ್ರಾಧಿಕಾರ 2018ರಲ್ಲೇ ಕಂಪನಿಗಳಿಗೆ ಇದನ್ನು ತಿಳಿಸಿದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತವೆ. ವಾರಕ್ಕೊಮ್ಮೆ ಹೋಗಿ ಕೂತು ಮಾತಾಡಿ ಬರುವ 500 ರೂಪಾಯಿ ನಿಮ್ಮ ಜೇಬಿಂದಲೇ ಹೋಗಬೇಕು, ಹೊರರೋಗಿ ಸೌಲಭ್ಯ ಬೇರೆ ತೆಗೆದುಕೊಂಡಿದ್ದರೆ ಮಾತ್ರ ನೋಡಬಹುದು. ಪಾಲಿಸಿ ಪುಸ್ತಕದಲ್ಲಿ ಒಪಿಡಿ ಅನ್ನುವ ಪುಟ ಓದಿ. ಅಷ್ಟು ಕೊಡಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ಈಗಲೇ ಏನಾದರೂ ಆಗುತ್ತಿದೆ ಅಂತ ಗೊತ್ತಾದರೆ 1098.

ಆಸ್ಪತ್ರೆಯವರು ಇದನ್ನು ಓದಿದರೆ ಅಂತ ಎರಡು ಮಾತು. ಆ ಕೊನೆ ರೂಮನ್ನು ಕರಪತ್ರದಲ್ಲಿ ಹಾಕಿ, ಈಗ ಡಾಕ್ಟ್ರಮ್ಮ ರಜಾ ಹಾಕಿದ ದಿನ ಬಂದವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಫಾರಂ ಕನ್ನಡದಲ್ಲಿ ಮಾಡಿ, ಓದಲು ಬಾರದವರನ್ನು ಒಳಗೆ ಕರೆದು ಕೇಳಿ. ಚೆಕಪ್ ಆದ ಮೇಲೆ ನಿಮ್ಮವರು ಫೋನ್ ಮಾಡಿ ಹಾರ್ಟ್ ಪ್ಯಾಕೇಜ್ ಆಫರ್ ಇದೆ ಸರ್ ಅನ್ನುತ್ತಾರೆ, ಹಲ್ಲು ತೋರಿಸಿದ್ರಾ ಅಂತ ಒಬ್ಬರೂ ಕೇಳಲಿಲ್ಲ. ಅಂದ ಹಾಗೆ ತೋರಿಸಿದೆ. ಎರಡು ಹಲ್ಲು ಹೋಯಿತು.

ಅಕ್ಕನಿಗೂ ಹೇಳಿದ್ದೇನೆ. ರಾಣೆಬೆನ್ನೂರಲ್ಲಿದ್ದಾಳೆ, ಶುಗರ್, ಥೈರಾಯ್ಡ್ ಎರಡೂ ಇದೆ. "ನಂಗೇನೂ ನೆನಪಿಲ್ಲಪ್ಪ, ಅದೆಲ್ಲ ಯಾಕೀಗ" ಅಂದು ಫೋನ್ ಇಟ್ಟಳು. ಮಾರನೇ ದಿನ ಅವಳೇ ಮಾಡಿ ಆ ಮೇಡಂ ಯಾವ ವಾರ ಇರುತ್ತಾರೆ ಅಂತ ಕೇಳಿದಳು. ಮಂಗಳವಾರ ಮತ್ತು ಶುಕ್ರವಾರ, ಹತ್ತರಿಂದ ಒಂದು ಗಂಟೆ. ವಾರಕ್ಕೆ ಎರಡೇ ದಿನ, ಇದೂ ಒಂದು ಕೊರತೆ. ಮೊದಲೇ ಫೋನ್ ಮಾಡಿ ಹೋಗಿ.

ಪ್ಯಾಕೇಜಿಗೆ ಐದಕ್ಕೆ ಮೂರು. ಡಾಕ್ಟ್ರಮ್ಮನಿಗೆ ಐದು. ಕೊನೆ ರೂಮಿಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಗೋಡೆಗೆ. ಪ್ಲೈವುಡ್ ಪಾರ್ಟಿಷನ್ ಅದು. ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ ತಿನ್ನಿ ಅಂತ ಪಕ್ಕದ ಡಯಟ್ ರೂಮಿನಲ್ಲಿ ಹೇಳುತ್ತಿದ್ದದ್ದು ನನಗೆ ಅಕ್ಷರ ಅಕ್ಷರ ಕೇಳಿಸಿತು. ನಾನು ಹೇಳಿದ್ದೂ ಆ ಕಡೆಗೆ ಹಾಗೇ ಕೇಳಿಸಿರುತ್ತದೆ.